ತ್ಯಾಜ್ಯ ಜೇಡಿಮಣ್ಣು ಮತ್ತು ಸಿಮೆಂಟ್: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆ

ಕೈಗಾರಿಕೆಗಳು ಹೊರಚೆಲ್ಲುವ ಮಣ್ಣುಗಳಲ್ಲಿ ಕೆಲವನ್ನು ತಕ್ಕ ಶಾಖದಲ್ಲಿ ಸುಟ್ಟು, ನುಣ್ಣಗೆ ಬೀಸಿ, ಸಿಮೆಂಟಿನ ಒಂದು ಪಾಲಿನ ಬದಲಿಗೆ ಕಾಂಕ್ರೀಟಿಗೆ ಬೆರೆಸಬಹುದು. ಹೀಗೆ ಸೇರಿದ ಮಣ್ಣು ಬರಿಯ ತುಂಬುಪುಡಿಯಾಗಿ ಉಳಿಯುವುದಿಲ್ಲ. ಸಿಮೆಂಟು ನೀರಿನೊಡನೆ ಬೆರೆತಾಗ ಹುಟ್ಟುವ ಸುಣ್ಣದ ಜೊತೆ ಕೂಡಿಕೊಂಡು ತಾನೂ ಅಂಟಾಗುತ್ತದೆ. ಇಟಲಿಯ ಪೊಟ್ಸುವೋಲಿ ಊರಿನ ಜ್ವಾಲಾಮುಖಿ ಬೂದಿಯಲ್ಲಿ ಈ ಗುಣವನ್ನು ರೋಮನ್ನರು ಕಂಡುಕೊಂಡಿದ್ದರಿಂದ ಅದಕ್ಕೆ ಪೊಜೊಲಾನ ಎಂಬ ಹೆಸರು ಬಂತು. ನಮ್ಮ ಕಡೆ ಇಟ್ಟಿಗೆ ಪುಡಿ ಮಾಡಿ ಸುಣ್ಣಕ್ಕೆ ಬೆರೆಸುತ್ತಿದ್ದ ಸುರ್ಕಿ ಇದೇ ಜಾತಿಯದು. ಬಾಗಲಕೋಟೆ ಜಿಲ್ಲೆಯಲ್ಲಿ ಸಿಮೆಂಟ್ ಕಾರ್ಖಾನೆಗಳೂ ಕಲ್ಲಿನ ಗಣಿಗಳೂ ಇಟ್ಟಿಗೆ ಭಟ್ಟಿಗಳೂ ಹತ್ತಿರ ಹತ್ತಿರ ಇರುವುದರಿಂದ ಈ ವಿಷಯಕ್ಕೆ ಇಲ್ಲಿ ವಿಶೇಷ ಅರ್ಥವಿದೆ. ಆದರೆ ಯಾವ ತ್ಯಾಜ್ಯ ಹೆಚ್ಚು ಬಿದ್ದಿದೆ, ಯಾವುದು ಹೆಚ್ಚು ತೊಂದರೆ ಕೊಡುತ್ತಿದೆ ಎಂಬುದನ್ನು ನೋಡಿ ಅದನ್ನೇ ಸಿಮೆಂಟಿಗೆ ಸುರಿಯುವ ಆಲೋಚನೆ ತಪ್ಪು ದಾರಿಗೆ ಒಯ್ಯುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಪುಡಿ ಸುಣ್ಣದೊಡನೆ ಕೂಡುತ್ತದೆಯೋ ಇಲ್ಲವೋ. ಈ ಒರೆಗಲ್ಲಿಗೆ ಹಚ್ಚಿದಾಗ ಜಿಲ್ಲೆಯ ತ್ಯಾಜ್ಯಗಳ ಬೆಲೆ ತಲೆಕೆಳಗಾಗುತ್ತದೆ.

1997ರಲ್ಲಿ ಅಖಂಡ ವಿಜಾಪುರ ಜಿಲ್ಲೆಯಿಂದ ಬೇರೆಯಾದ ಬಾಗಲಕೋಟೆ ಜಿಲ್ಲೆಯ ನೆಲ ಹಲವು ಬಗೆಯ ಕಲ್ಲುಗಳ ಕೂಡುಪಟ್ಟಿ. ಕಲಾದಗಿಯ ಹೆಸರಿನಿಂದಲೇ ಭೂವಿಜ್ಞಾನಿಗಳು ಕರೆಯುವ ಪ್ರಾಚೀನ ಶಿಲಾಸಮೂಹದಲ್ಲಿ ಸುಣ್ಣಕಲ್ಲು, ಡಾಲೊಮೈಟ್, ಪದರಗಲ್ಲು ಎನ್ನಬಹುದಾದ ಶೇಲ್, ಗಟ್ಟಿ ಬೆಣಚು ಶಿಲೆ ಎಲ್ಲವೂ ಇವೆ. ಬಾದಾಮಿಯ ಗುಹಾಲಯಗಳನ್ನು ಕೊರೆದ ಕೆಂಪು ಮರಳುಗಲ್ಲು ಈ ಸಮೂಹದ ಮೇಲಿನ ಭಾಗದ್ದು. ಅದರ ಜೊತೆಗೂ ಶೇಲ್ ಪದರಗಳಿವೆ. ಲೋಕಾಪುರ, ಮುಧೋಳದ ಕಡೆಯ ಸುಣ್ಣಕಲ್ಲು ಸಿಮೆಂಟ್ ಉದ್ಯಮವನ್ನು ಇಲ್ಲಿಗೆ ಕರೆತಂದಿತು. ಬಾಗಲಕೋಟೆ ಪಟ್ಟಣದಲ್ಲಿ ದಶಕಗಳ ಹಿಂದೆಯೇ ಸಿಮೆಂಟ್ ತಯಾರಾಗುತ್ತಿತ್ತು. ಮುಧೋಳ ತಾಲೂಕಿನ ಮುದ್ದಾಪುರದಲ್ಲಿ ಜೆ.ಕೆ. ಸಿಮೆಂಟಿನ ದೊಡ್ಡ ಘಟಕ 2009ರಲ್ಲಿ ಶುರುವಾಯಿತು. ಪೂರ್ವಕ್ಕೆ ಹುನಗುಂದ, ಇಳಕಲ್ ಕಡೆ ಹೋದರೆ ಕಲ್ಲೇ ಬೇರೆ: ಅದು ಗ್ರಾನೈಟ್ ನಾಡು, ಇಳಕಲ್ಲಿನ ಕೆಂಪು ಕಲ್ಲು ದೇಶ ದಾಟಿ ಹೋಗುತ್ತದೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆಯರ ದಂಡೆಯಲ್ಲಿ ಎರೆಮಣ್ಣು, ಏರು ನೆಲದಲ್ಲಿ ಕೆಂಪು ಮಸಾರಿ. ಪಶ್ಚಿಮದ ಜಮಖಂಡಿ, ಮುಧೋಳಗಳಲ್ಲಿ ಕಬ್ಬು ಮತ್ತು ಸಕ್ಕರೆ ಕಾರ್ಖಾನೆಗಳು. ಇಷ್ಟರಲ್ಲೇ ನಾಲ್ಕಾರು ಬಗೆಯ ತ್ಯಾಜ್ಯಗಳು ಸಿಗುತ್ತವೆ: ಸುಣ್ಣಕಲ್ಲಿನ ಗಣಿಯಲ್ಲಿ ಕಲ್ಲಿಗಿಂತ ಮೊದಲು ತೆಗೆದು ಗುಡ್ಡೆ ಹಾಕುವ ಹೊದಿಕೆ ಮಣ್ಣು ಮತ್ತು ಶೇಲ್, ಗ್ರಾನೈಟ್ ಕೊಯ್ಯುವಾಗ ಹರಿಯುವ ರಾಡಿ, ಭಟ್ಟಿಯ ಒಡಕು ಇಟ್ಟಿಗೆ, ಕಬ್ಬಿನ ಸಿಪ್ಪೆಯ ಬೂದಿ.

ಸಿಮೆಂಟಿನ ಹೃದಯ ಕ್ಲಿಂಕರ್. ಸುಣ್ಣಕಲ್ಲನ್ನೂ ಜೇಡಿಯನ್ನೂ ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟಾಗ ಅದು ಸಿಗುತ್ತದೆ. ಒಂದು ಟನ್ ಕ್ಲಿಂಕರಿಗೆ ಸುಣ್ಣಕಲ್ಲಿನೊಳಗಿನಿಂದಲೇ ಅರ್ಧ ಟನ್ನಿಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ, ಉರುವಲಿನ ಹೊಗೆ ಅದರ ಮೇಲೆ. ಉರುವಲನ್ನು ಬದಲಿಸಬಹುದು, ಕಲ್ಲಿನೊಳಗಿನ ಅನಿಲವನ್ನು ತಪ್ಪಿಸಲು ಬರುವುದಿಲ್ಲ. ಆದ್ದರಿಂದ ಕ್ಲಿಂಕರಿನ ಪಾಲನ್ನೇ ಇಳಿಸುವುದು ಎಲ್ಲಕ್ಕಿಂತ ನೇರವಾದ ಉಪಾಯ. ಅದಕ್ಕೊಂದು ಅವಕಾಶ ಸಿಮೆಂಟಿನಲ್ಲೇ ಅಡಗಿದೆ. ಕ್ಲಿಂಕರ್ ನೀರಿನೊಡನೆ ಕೂಡಿದಾಗ ಗಟ್ಟಿಯಾದ ಅಂಟಿನ ಜೊತೆಗೆ ಅರಳಿದ ಸುಣ್ಣವೂ ಬೇಡದ ಬಳುವಳಿಯಾಗಿ ಹುಟ್ಟುತ್ತದೆ. ಈ ಸುಣ್ಣಕ್ಕೆ ಸ್ವಂತ ಬಲ ಕಡಿಮೆ, ನೀರು ಹರಿದಲ್ಲಿ ಕರಗಿ ಹೋಗುವ ಸ್ವಭಾವ. ಅದರ ಜೊತೆ ಕೂಡಬಲ್ಲ ಸಿಲಿಕಾ, ಅಲ್ಯೂಮಿನಾಗಳನ್ನು ಒದಗಿಸಿದರೆ ದುರ್ಬಲವಾದ ಸುಣ್ಣವೇ ಬಲವಾದ ಅಂಟಾಗಿ ಮಾರ್ಪಡುತ್ತದೆ, ಕಾಂಕ್ರೀಟಿನ ಒಳಗಿನ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆದರೆ ಸಿಲಿಕಾ ಇದ್ದರೆ ಸಾಲದು, ಅದು ಸಡಿಲವಾದ, ಕ್ರಮ ಕಳೆದುಕೊಂಡ ಸ್ಥಿತಿಯಲ್ಲಿರಬೇಕು. ಬೆಣಚುಕಲ್ಲು ಹೆಚ್ಚುಕಡಿಮೆ ಶುದ್ಧ ಸಿಲಿಕಾ, ಆದರೂ ಸಾಮಾನ್ಯ ತಾಪದಲ್ಲಿ ಅದು ಸುಣ್ಣದ ಕಡೆ ತಿರುಗಿಯೂ ನೋಡುವುದಿಲ್ಲ. ಅದರ ಅಣುಗಳು ಹರಳಿನ ಬಿಗಿ ಕಟ್ಟಿನಲ್ಲಿ ಸಿಕ್ಕಿಕೊಂಡಿವೆ.

ಇಳಕಲ್ಲಿನ ರಾಡಿಯ ಪ್ರಶ್ನೆ ಇಲ್ಲಿಗೇ ಬಂದು ನಿಲ್ಲುತ್ತದೆ. ಗ್ರಾನೈಟ್ ದಿಮ್ಮಿಯನ್ನು ಕೊಯ್ದು ಪಾಲಿಷ್ ಮಾಡುವಾಗ ನೀರಿನೊಡನೆ ಹೊರಬರುವ ಪುಡಿ ಹೊಂಡಗಳಲ್ಲಿ ನಿಂತು, ಒಣಗಿ, ಗಾಳಿಗೆ ಹಾರುತ್ತದೆ. ಒದ್ದೆಯಿದ್ದಾಗ ಮುಟ್ಟಿದರೆ ಜೇಡಿಯಂತೆಯೇ ನುಣುಪು, ಕಣ್ಣಿಗೂ ಜೇಡಿಯೇ. ಅದಕ್ಕೇ ಇದನ್ನು ಸಿಮೆಂಟಿಗೆ ಬದಲಿಯಾಗಿ ಸೇರಿಸಬಹುದೆಂಬ ಸಲಹೆ ಮತ್ತೆ ಮತ್ತೆ ಬರುತ್ತದೆ. ಒಳಗೆ ನೋಡಿದರೆ ಅದು ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಅಷ್ಟಿಷ್ಟು ಅಭ್ರಕ. ಮೂರೂ ಹರಳುಗಳೇ, ಮೂರೂ ಸುಣ್ಣದ ಮಟ್ಟಿಗೆ ಜಡ. ಇದರಲ್ಲಿ ಗಮನಿಸಬೇಕಾದ ಒಂದು ಸಂಬಂಧವಿದೆ. ಸಿಮೆಂಟಿಗೆ ಬೇಕಾದ ಒಳ್ಳೆಯ ಜೇಡಿ ಹುಟ್ಟುವುದು ಇದೇ ಫೆಲ್ಡ್‌ಸ್ಪಾರಿನಿಂದ. ಮಳೆನೀರು ಲಕ್ಷಾಂತರ ವರ್ಷ ಗ್ರಾನೈಟಿನೊಳಗೆ ಇಳಿದು ಫೆಲ್ಡ್‌ಸ್ಪಾರಿನ ಪೊಟ್ಯಾಶ್, ಸೋಡಾಗಳನ್ನು ತೊಳೆದು ಹಾಕಿದಾಗ ಉಳಿಯುವುದೇ ಕೆಯೊಲಿನ್ ಎಂಬ ಬಿಳಿ ಜೇಡಿ. ಗರಗಸ ಕಲ್ಲನ್ನು ಸಣ್ಣ ಮಾಡಬಲ್ಲದು, ಅದರ ಜಾತಿಯನ್ನು ಬದಲಿಸಲಾರದು. ಮಳೆಯ ಕೆಲಸವನ್ನು ಗರಗಸ ಮಾಡಿಬಿಟ್ಟಿದೆ ಎಂದು ತಿಳಿದುಕೊಳ್ಳುವುದೇ ಇಲ್ಲಿನ ಮೂಲ ತಪ್ಪು. ಅಲ್ಲದೆ ಫೆಲ್ಡ್‌ಸ್ಪಾರಿನಲ್ಲಿ ಉಳಿದ ಪೊಟ್ಯಾಶ್, ಸೋಡಾಗಳು ಕ್ಷಾರಗಳು. ಉಕ್ಕಿನ ಹರಳು ಮತ್ತು ಸುಣ್ಣದ ನೀರು ಬಳಸುವ ಸಾಲುಗರಗಸದ ರಾಡಿಯಾದರೆ ಕಬ್ಬಿಣದ ಚೂರುಗಳೂ ಸೇರಿ ಮುಂದೆ ತುಕ್ಕಿನ ಕಲೆಯಾಗುತ್ತವೆ. ವಜ್ರದ ಹಲ್ಲಿನ ಗರಗಸದ ರಾಡಿ ಅಷ್ಟರ ಮಟ್ಟಿಗೆ ಶುದ್ಧ.

ಗ್ರಾನೈಟ್ ಪುಡಿ ಬೆರೆಸಿದ ಕಾಂಕ್ರೀಟ್ ಘನಗಳು ಪರೀಕ್ಷೆಯಲ್ಲಿ ಚೆನ್ನಾಗಿಯೇ ತಾಳುತ್ತವಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಸಣ್ಣ ಪ್ರಮಾಣದಲ್ಲಿ ಹಾಕಿದಾಗ ಬಲ ಕುಗ್ಗುವುದಿಲ್ಲ, ಒಮ್ಮೊಮ್ಮೆ ತುಸು ಏರುವುದೂ ಉಂಟು. ಮರಳು ಮತ್ತು ಸಿಮೆಂಟಿನ ನಡುವಿನ ಸಂದುಗಳನ್ನು ಪುಡಿ ತುಂಬುವುದರಿಂದ, ಸಿಮೆಂಟಿನ ಅಂಟು ಬೆಳೆಯಲು ಅದರ ಮೈ ಆಸರೆಯಾಗುವುದರಿಂದ ಹಾಗಾಗುತ್ತದೆ. ಪ್ರಮಾಣ ಏರಿಸುತ್ತ ಹೋದಂತೆ ಸಿಮೆಂಟು ಕಡಿಮೆಯಾದಷ್ಟೂ ಬಲ ಇಳಿಯುತ್ತದೆ. ನಿಜವಾದ ಪೊಜೊಲಾನ ವಾರಗಳು ಕಳೆದಂತೆ ಸುಣ್ಣವನ್ನು ನುಂಗುತ್ತ ಬಲ ಕೂಡಿಸುತ್ತದೆ. ಜಡಪುಡಿ ಮೊದಲ ದಿನ ಕೊಟ್ಟಿದ್ದಷ್ಟೇ ಕೊಡುತ್ತದೆ. 7 ದಿನದ ಘನವನ್ನಷ್ಟೇ ಒಡೆದು ನೋಡಿದವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಹಾಗೆಂದು ಇಳಕಲ್ಲಿನ ರಾಡಿ ನಿರುಪಯೋಗಿ ಎನ್ನಬೇಕಾಗಿಲ್ಲ. ನುಣ್ಣನೆಯ ಮರಳಿನ ಒಂದಂಶವಾಗಿ, ನೆಲಹಾಸಿನ ಬ್ಲಾಕುಗಳಲ್ಲಿ, ಇಟ್ಟಿಗೆ ಮತ್ತು ಹೆಂಚಿನ ಮಣ್ಣಿನಲ್ಲಿ ಬೇಗ ಕರಗಿ ಬಿಗಿ ಕೊಡುವ ಬೆರಕೆಯಾಗಿ ಅದಕ್ಕೆ ಒಳ್ಳೆಯ ಜಾಗವಿದೆ. ಒಣಗಿದ ಮೇಲೆ ಹಾರುವ ಬೆಣಚಿನ ದೂಳು ಶ್ವಾಸಕೋಶಕ್ಕೆ ಹೊಕ್ಕು ಸಿಲಿಕೋಸಿಸ್ ತರುವಂಥದ್ದು. ಅದನ್ನು ಒದ್ದೆಯಾಗಿಯೇ ಸಾಗಿಸಿ ಬಳಸುವ ವ್ಯವಸ್ಥೆಯ ತುರ್ತಿಗೆ ಕೂಲಿಕಾರರ ಎದೆಯೇ ಸಾಕಷ್ಟು ಕಾರಣ, ಸಿಮೆಂಟಿನ ನೆಪ ಬೇಕಿಲ್ಲ.

ಸುಣ್ಣದೊಡನೆ ಕೂಡುವುದು ಸುಟ್ಟ ಜೇಡಿ. ಕೆಯೊಲಿನ್ ಜೇಡಿಯನ್ನು 450ರಿಂದ 600 ಡಿಗ್ರಿಯವರೆಗೆ ಕಾಯಿಸಿದಾಗ ಅದರ ಹರಳಿನೊಳಗಿನ ನೀರು, ತೂಕದಲ್ಲಿ ಸುಮಾರು ಶೇ. 14ರಷ್ಟು, ಹೊರಟುಹೋಗಿ ಕಟ್ಟು ಕುಸಿಯುತ್ತದೆ. ಹಾಗೆ ಕುಸಿದು ಅಸ್ತವ್ಯಸ್ತವಾದ ರೂಪವೇ ಮೆಟಾಕೆಯೊಲಿನ್. ಕೈಗಾರಿಕೆಯಲ್ಲಿ ಇದನ್ನು ಸಾಮಾನ್ಯವಾಗಿ 700ರಿಂದ 850 ಡಿಗ್ರಿಯ ನಡುವೆ ಸುಡುತ್ತಾರೆ. ಅದರಾಚೆ ಬಹಳ ದೂರ ಹೋದರೆ ಹೊಸ ಹರಳುಗಳು ಕಟ್ಟಿಕೊಂಡು ಗುಣ ಸತ್ತುಹೋಗುತ್ತದೆ. ಅಡುಗೆಯಂತೆ ಇದಕ್ಕೂ ಹದವಿದೆ. ಎರೆಮಣ್ಣಿನ ಮುಖ್ಯ ಜೇಡಿ ಮಾಂಟ್‌ಮೊರಿಲೊನೈಟ್. ನೀರು ಕುಡಿದು ಉಬ್ಬುವುದು, ಬೇಸಿಗೆಯಲ್ಲಿ ಬಾಯಿ ಬಿಡುವುದು ಅದರ ಸ್ವಭಾವ. ಅದನ್ನೂ ಸುಟ್ಟು ಎಬ್ಬಿಸಬಹುದು, ಆದರೆ ಹೆಚ್ಚು ಶಾಖ ಬೇಕು, ಸಿಗುವ ಫಲ ಕೆಯೊಲಿನ್ನಿನದಕ್ಕಿಂತ ಕಡಿಮೆ. ಶೇಲ್‌ಗಳಲ್ಲಿ ಹೆಚ್ಚಾಗಿ ಸಿಗುವ ಇಲೈಟ್ ಇನ್ನೂ ಮೊಂಡು. ಕರಾವಳಿಯ ಶೇಡಿ ಮಣ್ಣಿನಂಥ ಕೆಯೊಲಿನ್ ತುಂಬಿದ ನೆಲ ಬಾಗಲಕೋಟೆಯದಲ್ಲ. ಇಲ್ಲಿ ಆಸೆ ಇಡಬಹುದಾದದ್ದು ಗಣಿಗಳ ಮೇಲ್ಭಾಗದಲ್ಲಿ ಮಳೆಗಾಳಿಗೆ ಚೆನ್ನಾಗಿ ಕೊಳೆತ ಶೇಲ್ ಮತ್ತು ಕೆಂಪು ಜೇಡಿಯ ಪದರಗಳ ಮೇಲೆ. ಒಂದೇ ಗಣಿಯ ಎರಡು ಮೂಲೆಗಳಲ್ಲಿ ಮಣ್ಣಿನ ಗುಣ ಬೇರೆಯಿರುತ್ತದೆ. ಬಣ್ಣ ನೋಡಿ ಹೇಳಲಾಗದು, ಪ್ರಯೋಗಶಾಲೆಯಲ್ಲಿ ಕಾಯಿಸಿ ತೂಗಿಯೇ ಹೇಳಬೇಕು.

ಮಣ್ಣು ಶುದ್ಧ ಕೆಯೊಲಿನ್ ಇರಲೇಬೇಕೆಂಬ ಹಳೆಯ ನಂಬಿಕೆ ಈಚಿನ ಸಂಶೋಧನೆಯಲ್ಲಿ ಸಡಿಲಗೊಂಡಿದೆ. ಸ್ವಿಟ್ಜರ್ಲೆಂಡಿನ ಲೊಸಾನ್ ತಾಂತ್ರಿಕ ವಿಶ್ವವಿದ್ಯಾಲಯದ ಕ್ಯಾರೆನ್ ಸ್ಕ್ರಿವೆನರ್, ಕ್ಯೂಬಾದ ಫೆರ್ನಾಂಡೊ ಮಾರ್ಟಿರೆನಾ, ದಿಲ್ಲಿ ಐಐಟಿಯ ಶಶಾಂಕ್ ಬಿಷ್ಣೋಯಿ ಮೊದಲಾದವರ ತಂಡಗಳು ಬೆಳೆಸಿದ ಎಲ್‌ಸಿ3 ಎಂಬ ಸಿಮೆಂಟಿನಲ್ಲಿ ಕ್ಲಿಂಕರ್ ಅರ್ಧದಷ್ಟು, ಸುಟ್ಟ ಜೇಡಿ ಸುಮಾರು ಶೇ. 30, ಸುಡದ ಸುಣ್ಣಕಲ್ಲಿನ ಪುಡಿ ಶೇ. 15, ಉಳಿದದ್ದು ಜಿಪ್ಸಮ್. ಮಣ್ಣಿನಲ್ಲಿ ಕೆಯೊಲಿನ್ ಶೇ. 40ರಷ್ಟಿದ್ದರೂ 7 ದಿನಕ್ಕೆ ಸಾಮಾನ್ಯ ಸಿಮೆಂಟಿನ ಬಲ ಮುಟ್ಟಬಹುದೆಂದು ಈ ಕೆಲಸ ತೋರಿಸಿತು. ಪಿಂಗಾಣಿಯವರು ಬೇಡವೆಂದು ಬದಿಗೆ ಸರಿಸುವ ಕಬ್ಬಿಣ ಬೆರೆತ ಜೇಡಿ ಇಲ್ಲಿ ಸಲ್ಲುತ್ತದೆ. ಜೇಡಿಯ ಅಲ್ಯೂಮಿನಾ ಮತ್ತು ಸುಣ್ಣಕಲ್ಲಿನ ಪುಡಿ ಪರಸ್ಪರ ಕೂಡಿ ಹೊಸ ಹರಳುಗಳನ್ನು ಕಟ್ಟುವುದರಿಂದ, ಇಷ್ಟರವರೆಗೆ ತುಂಬುಪುಡಿ ಎನಿಸಿದ್ದ ಸುಣ್ಣಕಲ್ಲೂ ಕೆಲಸಕ್ಕೆ ಬರುತ್ತದೆ. ಕಲಾದಗಿ ಸೀಮೆಗೆ ಇದು ಬಹಳ ಹತ್ತಿರದ ಮಾತು. ಇಲ್ಲಿನ ಕಲ್ಲಿನಲ್ಲಿ ಡಾಲೊಮೈಟಿನ ಬೆರಕೆ ಹೆಚ್ಚು. ಮೆಗ್ನೀಷಿಯಾ ಮಿತಿ ದಾಟಿದ ಕಲ್ಲು ಕ್ಲಿಂಕರಿಗೆ ಸಲ್ಲದೆ ಗಣಿಯಲ್ಲೇ ಉಳಿಯುತ್ತದೆ. ಸುಡದೆ ಬೀಸಿ ಬೆರೆಸುವ ಸಿಮೆಂಟಿಗೆ ಆ ಕಲ್ಲೂ ಆದೀತು. ಹೀಗೆ ಒಂದೇ ಗಣಿಯ ಎರಡು ತ್ಯಾಜ್ಯಗಳು, ಮೇಲಿನ ಜೇಡಿ ಮತ್ತು ಕೆಳದರ್ಜೆಯ ಕಲ್ಲು, ಒಂದಕ್ಕೊಂದು ಜೊತೆಯಾಗುತ್ತವೆ. ನನ್ನ ದೃಷ್ಟಿಯಲ್ಲಿ ಜಿಲ್ಲೆಯ ಮಟ್ಟಿಗೆ ಇಡೀ ವಿಷಯದ ತಿರುಳು ಇದು. ಭಾರತೀಯ ಮಾನಕ ಸಂಸ್ಥೆ 2023ರಲ್ಲಿ ಐಎಸ್ 18189 ಎಂಬ ಮಾನಕ ಹೊರಡಿಸಿದ ಮೇಲೆ ಇಂಥ ಸಿಮೆಂಟು ಮಾರಲು ಕಾನೂನಿನ ದಾರಿಯೂ ತೆರೆದಿದೆ. ಕೊಲಂಬಿಯಾದ ರಿಯೊಕ್ಲಾರೊದಲ್ಲಿ 2020ರಿಂದಲೇ ಕಾರ್ಖಾನೆಯ ಪ್ರಮಾಣದಲ್ಲಿ ಜೇಡಿ ಸುಡುತ್ತಿದ್ದಾರೆ.

ಸುಟ್ಟ ಮಣ್ಣನ್ನು ನಂಬುವುದು ಹೇಗೆ ಎಂದು ಅನುಮಾನಿಸುವವರಿಗೆ ಕರ್ನಾಟಕದಲ್ಲೇ ಉತ್ತರವಿದೆ. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರ ಕಟ್ಟೆ ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ ಎದ್ದದ್ದು. ತುಂಗಭದ್ರಾ ಅಣೆಕಟ್ಟೆಯಲ್ಲೂ ಸುರ್ಕಿ ಗಾರೆಯೇ. ಭಾಕ್ರಾ ಅಣೆಕಟ್ಟೆಯ ಕಾಂಕ್ರೀಟಿನಲ್ಲಿ ಸುಟ್ಟ ಜೇಡಿಯ ಪೊಜೊಲಾನ ಬಳಸಿದರು. ಈ ಸಾಲಿಗೆ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಸೇರಿಸುವ ಆಸೆ ಹುಟ್ಟುವುದು ಸಹಜ, ಆದರೆ ಅದು ಸರಿಯಲ್ಲ. ಬಾದಾಮಿಯ ಗುಹೆಗಳು ಬಂಡೆಯನ್ನೇ ಕೊರೆದವು, ಚಾಲುಕ್ಯರ ಗುಡಿಗಳು ಕಲ್ಲಿನ ಮೇಲೆ ಕಲ್ಲು ಕೂರಿಸಿ ಗಾರೆಯಿಲ್ಲದೆ ನಿಂತವು. ಗಾರೆಯ ಪಾಠಕ್ಕೆ ಉತ್ತರಕ್ಕೆ ವಿಜಯಪುರದ ಗೋಳಗುಮ್ಮಟದ ಕಡೆ ನೋಡಬೇಕು, ಅಲ್ಲಿ ಇಟ್ಟಿಗೆ ಮತ್ತು ಸುಣ್ಣದ ಗಾರೆಯೇ ಆ ಗುಮ್ಮಟವನ್ನು ಹೊತ್ತಿದೆ. ಸುರ್ಕಿಯ ಅನುಭವ ಇಂದಿನ ಒಡಕು ಇಟ್ಟಿಗೆಗೂ ಅನ್ವಯಿಸುತ್ತದೆ. ಹಸಿ ಉಳಿದ ಇಟ್ಟಿಗೆಯಲ್ಲಿ ಜೇಡಿ ಇನ್ನೂ ಎಚ್ಚೆತ್ತಿಲ್ಲ. ಅತಿಯಾಗಿ ಬೆಂದು ಕಪ್ಪಾದ ಇಟ್ಟಿಗೆಯಲ್ಲಿ ಅದು ಮತ್ತೆ ಗಟ್ಟಿಕಟ್ಟಿದೆ. ಸರಿಯಾಗಿ ಬೆಂದದ್ದೇ ಬೇಕೆಂದು ಹಳೆಯ ಕಾಮಗಾರಿಗಳ ನಿಯಮಗಳು ಹೇಳುತ್ತಿದ್ದವು. ಕಬ್ಬಿನ ಸಿಪ್ಪೆಯ ಬೂದಿಗೂ ಇದೇ ಮಾತು: ಸಿಲಿಕಾ ಇದೆ, ಆದರೆ ಬಾಯ್ಲರಿನ ಶಾಖ ಏರುಪೇರು, ಸುಡದ ಇಂಗಾಲ ಬೆರೆತಿರುತ್ತದೆ, ಸೋಸಿ ಬೀಸದೆ ಆಗದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಹಾರುಬೂದಿಯ ಕಡೆಯಿಂದ ಬರುತ್ತದೆ. ಕೃಷ್ಣೆಯ ಆಚೆ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 800 ಮೆಗಾವಾಟಿನ ಮೂರು ಘಟಕಗಳ ಶಾಖೋತ್ಪನ್ನ ಸ್ಥಾವರವಿದೆ; ಪೂರ್ವಕ್ಕೆ ರಾಯಚೂರಿನ ಶಕ್ತಿನಗರ, ದಕ್ಷಿಣಕ್ಕೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಎಂಬ ಕಿಟ್ಟ. ಇಷ್ಟು ಹತ್ತಿರ ಸುಡುವ ಖರ್ಚಿಲ್ಲದ ಬೂದಿ ಬಿದ್ದಿರುವಾಗ ಮಣ್ಣು ಸುಡುವುದೇಕೆ? ಈ ಮಾತಿನಲ್ಲಿ ಬಹುಪಾಲು ನಿಜವಿದೆ. ಬೂದಿ ಸಿಗುವಲ್ಲಿ ಮೊದಲು ಬೂದಿಯನ್ನೇ ಬಳಸಬೇಕು. ಅದು ಈಗಾಗಲೇ ಆಗಿಹೋದ ತ್ಯಾಜ್ಯ, ಅದನ್ನು ಬಿಟ್ಟು ಹೊಸದಾಗಿ ಉರುವಲು ಉರಿಸುವುದು ವಿವೇಕವಲ್ಲ. ಆದರೂ ವಾದ ಅಲ್ಲಿಗೆ ಮುಗಿಯುವುದಿಲ್ಲ. ಹಾರುಬೂದಿಯ ಸಿಮೆಂಟಿನಲ್ಲಿ ಬೂದಿಯ ಪಾಲಿಗೆ ಶೇ. 35ರ ಮಿತಿಯಿದೆ, ಬಲ ನಿಧಾನ ಬರುತ್ತದೆ. ಸುಟ್ಟ ಜೇಡಿ ಮೊದಲ ವಾರದಲ್ಲೇ ಕೆಲಸ ಮಾಡುತ್ತದೆ, ಕ್ಲಿಂಕರನ್ನು ಅರ್ಧಕ್ಕೆ ಇಳಿಸಲು ಬಿಡುತ್ತದೆ. ಕಲ್ಲಿದ್ದಲಿನ ವಿದ್ಯುತ್ತು ಇಳಿಮುಖವಾದ ದಿನ ಬೂದಿಯೂ ಇಳಿಯುತ್ತದೆ, ಗಣಿಯ ಜೇಡಿ ಇರುತ್ತದೆ. ಆದ್ದರಿಂದ ಈ ಜಿಲ್ಲೆಯಲ್ಲಿ ಸುಟ್ಟ ಜೇಡಿಯ ಸಮರ್ಥನೆ ಒಂದು ಎಲ್ಲೆಯೊಳಗೆ ನಿಲ್ಲುತ್ತದೆ: ಮಣ್ಣು ಹೇಗೂ ಅಗೆದು ಹೊರಗೆ ಬಿದ್ದಿರಬೇಕು, ಗೂಡು ಗಣಿಯ ಬೇಲಿಯೊಳಗೇ ಇರಬೇಕು, ಬಳಕೆಯಿಲ್ಲದೆ ನಿಂತ ಹಳೆಯ ತಿರುಗುಗೂಡು ಸಿಕ್ಕರೆ ಇನ್ನೂ ಒಳ್ಳೆಯದು. 800 ಡಿಗ್ರಿಗೆ ಉತ್ತಮ ಕಲ್ಲಿದ್ದಲೇ ಬೇಕೆಂದಿಲ್ಲ. ಕಬ್ಬಿನ ಸೀಮೆಯ ಸಿಪ್ಪೆ, ಹೊಲದ ಕಸಗಳಂಥ ಹಗುರ ಉರುವಲೂ ಸಾಕಾಗುತ್ತದೆ.

ಕಟ್ಟುವವರ ಆಕ್ಷೇಪಣೆಗಳು ಬೇರೆ. ಸುಟ್ಟ ಜೇಡಿಯ ಕಣ ಚಪ್ಪಟೆ, ಮೈ ಹೆಚ್ಚು, ಹಾಗಾಗಿ ಕಾಂಕ್ರೀಟ್ ಬೇಗ ಬಿಗಿಯುತ್ತದೆ. ಕೆಲಸಗಾರರು ಕೈಗೆ ಸಿಕ್ಕಷ್ಟು ನೀರು ಸುರಿದರೆ ಬಂದ ಲಾಭವೆಲ್ಲ ಹೋಗುತ್ತದೆ. ನೀರಿನ ಬದಲು ಸಡಿಲಿಸುವ ರಾಸಾಯನಿಕ ಬೇಕು, ಅದಕ್ಕೆ ಖರ್ಚಿದೆ. ಕಬ್ಬಿಣ ಬೆರೆತ ಜೇಡಿ ಸುಟ್ಟಾಗ ಕೆಂಪಾಗುತ್ತದೆ, ಗಿರಾಕಿಗೆ ಬೂದು ಬಣ್ಣವೇ ಸಿಮೆಂಟಿನ ಗುರುತು; ಗೂಡಿನ ಕೊನೆಗೆ ಗಾಳಿ ಕಡಿಮೆ ಮಾಡಿ ತಣಿಸಿದರೆ ಬಣ್ಣ ಬೂದಿಗೆ ತಿರುಗುತ್ತದೆ. ಇವೆರಡೂ ದಾಟಬಹುದಾದ ತೊಡಕುಗಳು. ಮೂರನೆಯದು ನಿಜವಾದ ಮಿತಿ. ಸುಣ್ಣವನ್ನು ನುಂಗಿಬಿಟ್ಟ ಕಾಂಕ್ರೀಟಿನಲ್ಲಿ ಕ್ಷಾರದ ದಾಸ್ತಾನು ಕಡಿಮೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಬೇಗ ಒಳಗಿಳಿದು ಕಬ್ಬಿಣದ ಸರಳಿನ ರಕ್ಷಣೆ ತಗ್ಗಬಹುದು. ಲವಣದ ನೀರನ್ನು ಅದು ತುಂಬ ಚೆನ್ನಾಗಿ ತಡೆಯುತ್ತದೆ, ಕ್ಷಾರ ಮತ್ತು ಜಲ್ಲಿಯ ನಡುವಿನ ಕೆಟ್ಟ ಪ್ರತಿಕ್ರಿಯೆಯನ್ನೂ ಅಡಗಿಸುತ್ತದೆ. ಆದ್ದರಿಂದ ನೀರಾವರಿ ಕಾಲುವೆಯ ಹೊದಿಕೆ, ಅಡಿಪಾಯ, ದಪ್ಪನೆಯ ಗೋಡೆ, ಬ್ಲಾಕುಗಳಿಗೆ ಇದು ಮೊದಲ ಆಯ್ಕೆಯಾಗಲಿ. ತೆಳುವಾದ ಛಾವಣಿ, ಬಿಸಿಲುಗಾಳಿಗೆ ಒಡ್ಡಿದ ಸಣ್ಣ ಕಂಬಗಳಿಗೆ ಸರಳಿನ ಮೇಲಿನ ಹೊದಿಕೆ ಹೆಚ್ಚಿಸಿಯೇ ಬಳಸಬೇಕು. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸುವ ಯೋಜನೆಯ ಕಾಲುವೆಗಳೂ ಪುನರ್ವಸತಿ ಬಡಾವಣೆಗಳೂ ಈ ಸೀಮೆಯಲ್ಲಿ ಬೇಡುವ ಕಾಂಕ್ರೀಟ್ ಬಹುಪಾಲು ಮೊದಲ ಬಗೆಯದೇ.

ಯಾವ ಮಣ್ಣನ್ನು ಸುಡಬಾರದು ಎಂಬುದನ್ನೂ ಅಷ್ಟೇ ಖಚಿತವಾಗಿ ಹೇಳಬೇಕು. ಗಣಿಯ ಮೇಲಿನ ಒಂದೆರಡು ಅಡಿಯ ಫಲವತ್ತಾದ ಮಣ್ಣು ತ್ಯಾಜ್ಯವಲ್ಲ. ಗಣಿ ಮುಚ್ಚಿದ ದಿನ ಮತ್ತೆ ಹಸಿರು ಬೆಳೆಸಲು ಅದನ್ನು ಬೇರೆ ಕಾದಿಡಬೇಕು. ಕೆರೆಯ ಹೂಳು ಕೂಡ ಜೇಡಿಯೇ, ಆದರೆ ಅದು ರೈತನ ಹೊಲಕ್ಕೆ ಸೇರಬೇಕಾದ ಸಂಪತ್ತು. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣ. ಅದರ ಮತ್ತು ಬಾದಾಮಿ, ಐಹೊಳೆಗಳ ಆಸುಪಾಸಿನಲ್ಲಿ, ಅಲ್ಲಿನ ಶೇಲ್ ಎಷ್ಟೇ ಒಳ್ಳೆಯದಿರಲಿ, ಹೊಗೆಯ ಗೂಡು ಬರಬಾರದು. ಮರಳುಗಲ್ಲಿನ ಶಿಲ್ಪಕ್ಕೆ ಹೊಗೆ ಮತ್ತು ದೂಳು ಮಾಡುವ ಹಾನಿಯನ್ನು ಯಾವ ಸಿಮೆಂಟೂ ತುಂಬಿಕೊಡಲಾರದು.

ಇನ್ನು ಪರೀಕ್ಷೆ ಮತ್ತು ಬಳಕೆ. ಐಎಸ್ 1727ರ ವಿಧಾನದಲ್ಲಿ ಸುಟ್ಟ ಜೇಡಿಯನ್ನು ಸುಣ್ಣ, ಮರಳಿನೊಡನೆ ಕಲಸಿ, 50 ಮಿಲಿಮೀಟರಿನ ಘನಗಳನ್ನು ಎರಕ ಹಾಕಿ, ಬಿಸಿ ಆರ್ದ್ರತೆಯಲ್ಲಿಟ್ಟು ಒಡೆದು ನೋಡುತ್ತಾರೆ. ಅದರಲ್ಲಿ ಸಿಮೆಂಟೇ ಇರುವುದಿಲ್ಲವಾದ್ದರಿಂದ ಬಲವೆಲ್ಲ ಮಣ್ಣಿನದೇ. ಗ್ರಾನೈಟ್ ರಾಡಿ ಮತ್ತು ನಿಜವಾದ ಸುಟ್ಟ ಜೇಡಿ ಇಲ್ಲಿ ಕ್ಷಣದಲ್ಲಿ ಬೇರೆಯಾಗುತ್ತವೆ. 1963ರಿಂದ ನಡೆಯುತ್ತಿರುವ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಇಂಥ ಪರೀಕ್ಷೆ ಕಷ್ಟದ್ದಲ್ಲ. ಲೋಕಾಪುರದಿಂದ ಇಳಕಲ್ಲಿನವರೆಗಿನ ಗಣಿಗಳ ಮಣ್ಣನ್ನು ಗುಡ್ಡೆ ಗುಡ್ಡೆಯಾಗಿ ಪರೀಕ್ಷಿಸಿ ನಕ್ಷೆ ಬರೆದರೆ ಅದೇ ಮೊದಲ ಕೆಲಸ. ಉಳಿದದ್ದು ಕಟ್ಟುವ ಜಾಗದ ಶಿಸ್ತು. ಐಎಸ್ 456 ಸಾಮಾನ್ಯ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ ಒದ್ದೆ ಇಡಬೇಕೆನ್ನುತ್ತದೆ, ಪೊಜೊಲಾನ ಬೆರೆತದ್ದನ್ನು 10 ದಿನ, ಒಣ ಬಿಸಿ ಹವೆಯಲ್ಲಿ 14 ದಿನ. ಬಾಗಲಕೋಟೆಯ ಬೇಸಿಗೆ 40 ಡಿಗ್ರಿಯ ಬಿಸಿಲಿನದು, ನೀರಿಗೆ ಬರ. ಆ 14 ದಿನಗಳ ಕಾಲ ಚಪ್ಪಡಿಯ ಮೇಲೆ ಗೋಣಿತಟ್ಟು ಹಸಿಯಾಗಿಯೇ ಇರಬೇಕು, ಒಣಗಿದರೆ ಜೇಡಿ ಸುಣ್ಣವನ್ನು ತಲುಪುವ ಮೊದಲೇ ನೀರು ಮುಗಿದು ಪ್ರತಿಕ್ರಿಯೆ ನಡುವಿನಲ್ಲಿ ನಿಂತುಬಿಡುತ್ತದೆ.